ತಂತಿ ಕಚ್ಚಿದ ಮಾವಿನ ಮರ: ಎಲೆ ಹಸಿರಾಗಿದ್ದ ಮಾತ್ರಕ್ಕೆ ನೆಮ್ಮದಿ ಪಡಬಹುದೇ?

ಪ್ರಶ್ನೆ: ನಮ್ಮದು ರಾಮನಗರದ ಕಡೆಯ ಒಂದು ಹಳ್ಳಿ. ಹಿತ್ತಲಲ್ಲಿ 14 ವರ್ಷದ ಬಾದಾಮಿ ಕಸಿಮಾವಿನ ಮರವಿದೆ. ಬುಡದ ಸುತ್ತಳತೆ ಸುಮಾರು ಎರಡೂವರೆ ಅಡಿ. ಆರು ವರ್ಷಗಳ ಹಿಂದೆ ಬಟ್ಟೆ ಒಣಹಾಕಲು ಕಾಂಡಕ್ಕೆ ಕಬ್ಬಿಣದ ತಂತಿ ಸುತ್ತಿದ್ದೆವು. ಬರಬರುತ್ತಾ ಮರ ಅದನ್ನು ನುಂಗಿಬಿಟ್ಟಿತು. ತಂತಿಯ ಮೇಲ್ಭಾಗ ಮಡಕೆಯ ಕಂಠದಂತೆ ಊದಿಕೊಂಡು, ಕೆಳಭಾಗ ಸಣಕಲಾಗಿಯೇ ಉಳಿಯಿತು. ಈ ವರ್ಷ ಎಂದೂ ಕಾಣದಷ್ಟು ಹೂ ಬಿಟ್ಟು, ಕಾಯಿಯೂ ಚೆನ್ನಾಗಿ ನಿಂತಿತು. ಕೊಯ್ಲು ಮುಗಿದ ಮೇಲೆ, ಮೇ ಕೊನೆಯಲ್ಲಿ, ಮಗ ಉಳಿಯಿಂದ ತಂತಿ ಬಿಡಿಸುವಾಗ ಎರಡೂ ಕಡೆಯ ತೊಗಟೆಯನ್ನು ಸುತ್ತಲೂ ಕೆತ್ತಿ ತೆಗೆದ. ಈಗ ನಾಲ್ಕು ಬೆರಳು ಅಗಲದ ಬೋಳು ಪಟ್ಟಿ ಉಂಗುರದಂತೆ ಕಾಣುತ್ತದೆ. ಐದು ವಾರವಾದರೂ ಒಂದು ಎಲೆಯೂ ಬಾಡಿಲ್ಲ. ಪಕ್ಕದ ತೋಟದವರು, "ಜೀವ ಇರುವುದು ತಿರುಳಿನಲ್ಲಿ, ತೊಗಟೆ ಬರೀ ಚರ್ಮ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಗೊಬ್ಬರದ ಅಂಗಡಿಯವರು ಕಾಂಡಕ್ಕೆ ತೂತು ಕೊರೆದು ಗ್ಲೂಕೋಸ್ ಬಾಟಲಿ ಹಾಕಿ ಎಂದರು. ನಮ್ಮ ತಂದೆಯವರು, "ಈಗ ಮರದಲ್ಲಿ ನೀರು ಏರುವ ಕಾಲ, ಗಾಯ ತಾನಾಗಿ ಕೂಡುತ್ತದೆ" ಎನ್ನುತ್ತಾರೆ. ನಮ್ಮದೇ ತೆಂಗಿನ ಮರವೊಂದರ ಬುಡದಲ್ಲಿ ಮುಷ್ಟಿ ಹೋಗುವಷ್ಟು ಪೊಟರೆ ಹತ್ತು ವರ್ಷದಿಂದ ಇದೆ, ಅದು ಈಗಲೂ ಕಾಯಿ ಬಿಡುತ್ತಿದೆ. ಹಾಗಾದರೆ ಮಾವು ಸಾಯುತ್ತದೆಯೇ? ಎಲೆಗೆ ನೀರು ಹೋಗುತ್ತಿರುವಾಗ ಹೆದರುವ ಕಾರಣವಿದೆಯೇ?

ಉತ್ತರ: ತಾವು ಬರೆದಿರುವ ವಿವರ ಮತ್ತು ಕಳುಹಿಸಿದ ಚಿತ್ರಗಳು ಎಷ್ಟು ಸ್ಪಷ್ಟವಾಗಿವೆಯೆಂದರೆ, ಮರವನ್ನು ನೋಡದೆಯೇ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ತಮ್ಮ ಮರದ ಎಲೆಗಳಿಗೆ ನೀರು ಹೋಗುತ್ತಿದೆ, ಆದರೆ ಬೇರುಗಳಿಗೆ ಅನ್ನ ಹೋಗುತ್ತಿಲ್ಲ. ಎಲೆ ಬಾಡದಿರುವುದು ಮೊದಲನೆಯದಕ್ಕೆ ಮಾತ್ರ ಸಾಕ್ಷಿ. ಎರಡನೆಯದಕ್ಕೆ ಸಾಕ್ಷಿ ಮಣ್ಣಿನ ಕೆಳಗಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದು ತಡವಾಗಿ, ಹೆಚ್ಚಿನ ಸಲ ಕೈಮೀರಿದ ಮೇಲೆ. ಮೂವತ್ತು ವರ್ಷಗಳಿಂದ ಸಸ್ಯಶಾಸ್ತ್ರ ಕಲಿಸುತ್ತಾ, ರಜೆಯ ದಿನಗಳಲ್ಲಿ ಮಾವಿನ ತೋಟಗಳನ್ನು ಸುತ್ತುತ್ತಾ ಬಂದಿರುವ ನನಗೆ ಇಂಥ ಮರಗಳು ಹಲವು ಸಿಕ್ಕಿವೆ. ಕುರಿ ಮೇಕೆ ತೊಗಟೆ ತಿಂದವು, ಜೋಕಾಲಿಯ ನೈಲಾನ್ ಹಗ್ಗ ಕೊಯ್ದವು, ದನ ಕಟ್ಟಿದ ಸರಪಳಿ ಸವೆಸಿದವು. ಅವುಗಳಲ್ಲಿ ಹೆಚ್ಚಿನವು ಮೊದಲ ಮಳೆಗಾಲವನ್ನು ಹಚ್ಚಹಸಿರಾಗಿಯೇ ಕಳೆದಿದ್ದವು.

ಕಾಂಡದ ಒಳಗಿನ ವ್ಯವಸ್ಥೆಯನ್ನು ತಿಳಿಯಲು ಒಂದು ಚಿಕ್ಕ ಕೊಂಬೆ ಸಾಕು. ಹೆಬ್ಬೆರಳು ಗಾತ್ರದ ಮಾವಿನ ಕೊಂಬೆಯೊಂದನ್ನು ಈಗ, ಮಳೆಗಾಲದಲ್ಲಿ, ಕಡಿದು ಉಗುರಿನಿಂದ ತೊಗಟೆ ಎಬ್ಬಿಸಿ ನೋಡಿ. ಅದು ಬಾಳೆಯ ಪಟ್ಟೆಯಂತೆ ಸಲೀಸಾಗಿ ಸುಲಿದು ಬರುತ್ತದೆ. ಸುಲಿದ ತೊಗಟೆಯ ಒಳಮೈ ಕೆನೆಬಣ್ಣಕ್ಕಿದ್ದು ಕೆಲವೇ ನಿಮಿಷಗಳಲ್ಲಿ ಕಂದಿ ಕಾಫಿಬಣ್ಣಕ್ಕೆ ತಿರುಗುತ್ತದೆ. ಕೆಳಗೆ ಉಳಿದ ಕಟ್ಟಿಗೆ ಲೋಳೆ ಸವರಿದಂತೆ ಜಾರುತ್ತದೆ. ಆ ಲೋಳೆಯೇ ಕ್ಯಾಂಬಿಯಂ ಎಂಬ, ಕಾಗದಕ್ಕಿಂತ ತೆಳುವಾದ, ಬೆಳೆಯುವ ಪದರ. ಅದು ಒಳಮುಖವಾಗಿ ಹುಟ್ಟಿಸುವುದು ನೀರಿನ ನಾಳಗಳಿರುವ ಕಟ್ಟಿಗೆಯನ್ನು, ಪಠ್ಯಪುಸ್ತಕದ ಮಾತಿನಲ್ಲಿ ಕ್ಸೈಲಂ. ಹೊರಮುಖವಾಗಿ ಹುಟ್ಟಿಸುವುದು ಸಕ್ಕರೆ ಸಾಗುವ ನಾಳಗಳನ್ನು, ಅಂದರೆ ಫ್ಲೋಯಂ ಅನ್ನು. ಈ ಸಕ್ಕರೆ ನಾಳಗಳಿರುವುದು ತೊಗಟೆಯ ಒಳಪದರದಲ್ಲಿ, ಅಷ್ಟು ಭಾರಿ ಮರದಲ್ಲೂ ಕೆಲವೇ ಮಿಲಿಮೀಟರ್ ದಪ್ಪದಲ್ಲಿ. ತಮ್ಮ ಮಗ ಉಳಿಯಿಂದ ಕೆತ್ತಿದ್ದು ನಿಖರವಾಗಿ ಈ ಪದರವನ್ನು, ಪೂರ್ತಿ ಸುತ್ತಿನಲ್ಲಿ.

ಆದ್ದರಿಂದ ಪಕ್ಕದ ತೋಟದವರ ಮಾತು ತಲೆಕೆಳಗಾಗಿದೆ. ಮರದ ತಿರುಳು, ಬಡಗಿಗಳು ಚೇಗು ಎನ್ನುವ ಗಟ್ಟಿ ಭಾಗ, ಸತ್ತ ಕಟ್ಟಿಗೆ. ಅದು ಮರವನ್ನು ನಿಲ್ಲಿಸಿಕೊಡುತ್ತದೆಯೇ ಹೊರತು ಏನನ್ನೂ ಸಾಗಿಸುವುದಿಲ್ಲ. ಒಳಗೆ ಆಳು ಕೂರುವಷ್ಟು ಟೊಳ್ಳಾದ ಹುಣಸೆ ಮರಗಳು ನಮ್ಮ ಊರುಗಳಲ್ಲಿ ಹುಣಸೆಹಣ್ಣು ಕೊಡುತ್ತಲೇ ಇರುವುದು ಇದೇ ಕಾರಣಕ್ಕೆ. ಚೇಗಿನ ಹೊರಗಿರುವ ತಿಳಿಬಣ್ಣದ ಕಟ್ಟಿಗೆಯಲ್ಲಿ ನೀರು, ತೊಗಟೆಯ ಒಳಮೈಯಲ್ಲಿ ಸಕ್ಕರೆ, ಇವೆರಡರ ನಡುವೆ ಆ ಲೋಳೆಯ ಪದರ: ಮರದ ಜೀವವೆಲ್ಲ ಹೊರಗಿನ ಈ ತೆಳುವಾದ ಕವಚದಲ್ಲಿದೆ.

ನೀರು ಮೇಲೇರುವುದು ಹೇಗೆ ಎಂಬುದು ತಮ್ಮ ಪ್ರಶ್ನೆಯ ಒಂದು ಭಾಗವಾದ್ದರಿಂದ ಅದನ್ನೂ ಹೇಳಬೇಕು, ಏಕೆಂದರೆ ಐದು ವಾರವಾದರೂ ಎಲೆ ಬಾಡದ ಗುಟ್ಟು ಅದರಲ್ಲಿದೆ. ಬೇರು ನೀರನ್ನು ಪಂಪಿನಂತೆ ಮೇಲಕ್ಕೆ ತಳ್ಳುತ್ತದೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ಬೇರಿನ ಒತ್ತಡ ಎಂಬುದು ನಿಜಕ್ಕೂ ಇದೆ. ಮುಂಜಾನೆ ರಾಗಿ ಹೊಲದಲ್ಲಿ ಪ್ರತಿ ಗರಿಯ ತುದಿಯಲ್ಲೂ ಒಂದೊಂದು ಹನಿ ನಿಂತಿರುತ್ತದಲ್ಲ, ಅದನ್ನು ನಾವು ಇಬ್ಬನಿ ಎನ್ನುತ್ತೇವೆ, ಆದರೆ ಬಹುಪಾಲು ಅದು ರಾತ್ರಿ ಬೇರು ಒತ್ತಿದ ನೀರು ಗರಿಯ ತುದಿಯ ರಂಧ್ರದಿಂದ ಹೊರಬಂದದ್ದು. ಆದರೆ ಹಗಲಿನಲ್ಲಿ ಈ ಒತ್ತಡ ಲೆಕ್ಕಕ್ಕೆ ಬರುವುದಿಲ್ಲ, ಎತ್ತರದ ಮರಗಳಿಗೆ ಅದು ಸಾಲುವುದೂ ಇಲ್ಲ. ನೀರನ್ನು ಎತ್ತುವುದು ಎಲೆ. ಬಿಸಿಲಿಗೆ ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಅದರ ಹಿಂದಿನ ನೀರು ಮುಂದಕ್ಕೆ ಸೆಳೆಯಲ್ಪಡುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಎಲೆಯಿಂದ ಬೇರಿನವರೆಗೆ ಇಡೀ ನೀರಿನ ಎಳೆ ಹಗ್ಗದಂತೆ ಎಳೆತಕ್ಕೆ ಸಿಕ್ಕುತ್ತದೆ. ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ಈ ವಿವರಣೆಯೇ ಇಂದಿಗೂ ನಿಂತಿದೆ. ಬಾವಿಯ ಮೇಲಿಟ್ಟ ಹೀರುವ ಪಂಪು 10 ಮೀಟರಿಗಿಂತ ಆಳದ ನೀರನ್ನು ಎತ್ತಲಾರದು ಎಂಬುದು ರೈತರಿಗೆ ಗೊತ್ತಿರುವ ವಿಚಾರ. ಆದರೆ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳು 115 ಮೀಟರ್ ಎತ್ತರಕ್ಕೂ ನೀರು ಮುಟ್ಟಿಸುತ್ತವೆ. ನಾಳಗಳು ಕೂದಲೆಳೆಯಂತೆ ಸಪುರವಾಗಿದ್ದು, ಒಳಗಿನ ನೀರಿನ ಎಳೆ ಕಡಿಯದೆ ಉಳಿಯುವುದರಿಂದ ಅದು ಸಾಧ್ಯವಾಗುತ್ತದೆ.

ಈ ಕೆಲಸಕ್ಕೆ ಕಾಂಡದ ಜೀವಕೋಶಗಳ ನೆರವೂ ಬೇಕಿಲ್ಲ. ನೀರಿನ ನಾಳಗಳು ಸತ್ತ ಕೋಶಗಳ ಖಾಲಿ ಕೊಳವೆಗಳು. ಜರ್ಮನಿಯ ಸ್ಟ್ರಾಸ್‌ಬರ್ಗರ್ 1891ರಲ್ಲಿ ಇಪ್ಪತ್ತು ಮೀಟರಿಗೂ ಎತ್ತರದ ಮರವನ್ನು ಬುಡದಲ್ಲಿ ಕತ್ತರಿಸಿ ವಿಷದ ದ್ರಾವಣದಲ್ಲಿ ನಿಲ್ಲಿಸಿದಾಗ, ಆ ವಿಷ ದಾರಿಯಲ್ಲಿದ್ದ ಜೀವಕೋಶಗಳನ್ನು ಕೊಲ್ಲುತ್ತಲೇ ಮೇಲೇರಿತು. ನಮ್ಮವರೇ ಆದ ಜಗದೀಶಚಂದ್ರ ಬೋಸರು 1920ರ ದಶಕದಲ್ಲಿ ಕಾಂಡದ ಜೀವಕೋಶಗಳು ನಾಡಿಯಂತೆ ಮಿಡಿದು ನೀರನ್ನು ಮೇಲೆ ತಳ್ಳುತ್ತವೆ ಎಂದು ವಾದಿಸಿದ್ದರು. ಅವರ ಉಪಕರಣಗಳ ಸೂಕ್ಷ್ಮತೆಗೆ ಇಂದಿಗೂ ಬೆರಗಾಗುತ್ತೇನೆ, ಆದರೆ ನೀರೇರುವಿಕೆಯ ಆ ವಾದವನ್ನು ವಿಜ್ಞಾನ ಒಪ್ಪಲಿಲ್ಲ. ಶಾಲೆಯ ಮಕ್ಕಳು ಕರ್ಣಕುಂಡಲದ ಗಿಡವನ್ನು ಕೆಂಪು ಶಾಯಿಯ ನೀರಿನಲ್ಲಿಟ್ಟು ಕಾಂಡದೊಳಗೆ ಕೆಂಪು ಗೆರೆಗಳು ಏರುವುದನ್ನು ನೋಡುತ್ತಾರೆ. ಬೇರನ್ನು ಕತ್ತರಿಸಿ ತೆಗೆದ ಮೇಲೂ ಶಾಯಿ ಏರುತ್ತದೆ ಎಂಬುದನ್ನು ಮೇಷ್ಟ್ರು ಒತ್ತಿ ಹೇಳಬೇಕು, ಸಾಮಾನ್ಯವಾಗಿ ಹೇಳುವುದಿಲ್ಲ.

ತಮ್ಮ ಮರದಲ್ಲಿ ಉಳಿ ಬಿದ್ದದ್ದು ತೊಗಟೆಗೆ, ಕಟ್ಟಿಗೆ ಹಾಗೆಯೇ ಇದೆ. ಆದ್ದರಿಂದ ನೀರಿನ ಎಳೆ ಕಡಿದಿಲ್ಲ, ಎಲೆ ಬಾಡಿಲ್ಲ. ಆದರೆ ಈ ಸ್ಥಿತಿಯೂ ಶಾಶ್ವತವಲ್ಲ. ಗಾಳಿಗೆ ತೆರೆದ ಬೋಳು ಪಟ್ಟಿಯಲ್ಲಿ ಹೊರಗಿನ ನಾಳಗಳು ಒಣಗಿ, ಒಳಗೆ ಗಾಳಿಗುಳ್ಳೆ ಹೊಕ್ಕು, ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ಆ ಜಾಗದಲ್ಲಿ ಕ್ಯಾಂಬಿಯಂ ಇಲ್ಲದ ಕಾರಣ ಹೊಸ ನಾಳಗಳು ಹುಟ್ಟುವುದಿಲ್ಲ.

ಇನ್ನು ಸಕ್ಕರೆಯ ವಿಷಯ. ನೀರಿನದು ಎಳೆತವಾದರೆ ಇಲ್ಲಿಯದು ತಳ್ಳುವಿಕೆ. ಮಾವಿನಕಾಯಿಯ ಹೋಳಿಗೆ ಉಪ್ಪು ಬೆರೆಸಿಟ್ಟರೆ ಹೋಳಿನೊಳಗಿನ ನೀರು ಹೊರಬರುವುದನ್ನು ಉಪ್ಪಿನಕಾಯಿ ಹಾಕುವ ಮನೆಗಳಲ್ಲೆಲ್ಲ ನೋಡಿರುತ್ತೀರಿ. ಎಲ್ಲಿ ಉಪ್ಪೋ ಸಕ್ಕರೆಯೋ ಹೆಚ್ಚಿರುತ್ತದೆಯೋ ಅಲ್ಲಿಗೆ ನೀರು ಹರಿಯುತ್ತದೆ. ಎಲೆಯು ತಾನು ತಯಾರಿಸಿದ ಸಕ್ಕರೆಯನ್ನು ಫ್ಲೋಯಂ ನಾಳಕ್ಕೆ ತುಂಬಿದಾಗ ಪಕ್ಕದ ನೀರಿನ ನಾಳದಿಂದ ನೀರು ಅದರೊಳಕ್ಕೆ ನುಗ್ಗಿ ಒತ್ತಡ ಏರುತ್ತದೆ. ಇನ್ನೊಂದು ತುದಿಯಲ್ಲಿ, ಅಂದರೆ ಬೇರು, ಚಿಗುರು, ಕಾಯಿಗಳಲ್ಲಿ, ಸಕ್ಕರೆಯನ್ನು ಇಳಿಸಿಕೊಂಡಾಗ ನೀರೂ ಹೊರಟು ಒತ್ತಡ ಇಳಿಯುತ್ತದೆ. ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಸಕ್ಕರೆನೀರು ಗಂಟೆಗೆ ಅರ್ಧದಿಂದ ಒಂದು ಮೀಟರಿನಷ್ಟು ವೇಗದಲ್ಲಿ ಸಾಗುತ್ತದೆ. ಇದನ್ನು 1930ರಲ್ಲಿ ವಿಸ್ತಾರವಾಗಿ ಬರೆದು ಮಂಡಿಸಿದವರು ಜರ್ಮನಿಯ ಅರಣ್ಯವಿಜ್ಞಾನಿ ಅರ್ನ್‌ಸ್ಟ್ ಮ್ಯೂಂಖ್. ಸಕ್ಕರೆ ಕೆಳಕ್ಕೆ ಮಾತ್ರ ಇಳಿಯುತ್ತದೆ ಎಂದು ಓದಿದ್ದರೆ ಅದು ಅರ್ಧ ಸತ್ಯ. ತುದಿಯ ಹೂಗೊಂಚಲಿಗೆ ಅದು ಮೇಲಕ್ಕೂ ಹೋಗುತ್ತದೆ. ಬೇಕಾದವರ ಕಡೆಗೆ ಅದರ ದಾರಿ.

ಈ ನಾಳದಲ್ಲಿ ಒತ್ತಡವಿದೆ ಎಂಬುದಕ್ಕೆ ಮಾವು ಬೆಳೆಗಾರರಿಗೆ ಪ್ರಯೋಗಾಲಯವೇ ಬೇಡ. ಹೂವಿನ ಕಾಲದಲ್ಲಿ ಜಿಗಿಹುಳು ಬಿದ್ದ ಮರದ ಕೆಳಗೆ ನಿಂತರೆ ಮೈಮೇಲೆ ಅಂಟು ಸಿಡಿಯುತ್ತದೆ, ಎಲೆಗಳು ಸಕ್ಕರೆಪಾಕ ಬಳಿದಂತೆ ಹೊಳೆಯುತ್ತವೆ, ಆಮೇಲೆ ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಹುಳು ಸೂಜಿಯಂಥ ಬಾಯಿಯನ್ನು ಸಕ್ಕರೆ ನಾಳಕ್ಕೆ ಚುಚ್ಚಿ, ಅಲ್ಲಿಂದ ಬಂದ ರಸದಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕ ಸಕ್ಕರೆನೀರನ್ನು ಹೊರಹಾಕುವುದರ ಫಲವೇ ಈ ಅಂಟು. 1950ರ ದಶಕದಲ್ಲಿ ವಿಜ್ಞಾನಿಗಳು ಇದೇ ಚಾಳಿಯ ಗಿಡಹೇನನ್ನು ಕತ್ತರಿಸಿ, ಚುಚ್ಚಿದ ಬಾಯಿಯನ್ನು ಮಾತ್ರ ಗಿಡದಲ್ಲಿ ಉಳಿಸಿದಾಗ, ಆ ಸೂಜಿಯ ತುದಿಯಿಂದ ರಸ ಗಂಟೆಗಟ್ಟಲೆ ಒಸರುತ್ತಿತ್ತು. ಹುಳು ಹೀರದಿದ್ದರೂ ರಸ ತಾನಾಗಿ ಬರುತ್ತದೆ ಎಂದರೆ ಅದನ್ನು ಒಳಗಿನಿಂದ ತಳ್ಳುವುದು ಏನೋ ಇದೆ ಎಂದಾಯಿತು. (ಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮಿ ಚರ್ಮ ಸುಡುವ ಸೊನೆ ಬೇರೆ. ಅದು ನೀರಿನ ನಾಳದ್ದೂ ಅಲ್ಲ, ಸಕ್ಕರೆ ನಾಳದ್ದೂ ಅಲ್ಲ, ಪ್ರತ್ಯೇಕ ರಾಳದ ನಾಳಗಳದ್ದು. ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆಯಾದ್ದರಿಂದ ಹೇಳಿಬಿಟ್ಟೆ.)

ಈಗ ತಮ್ಮ ಮರದ ಆರು ವರ್ಷದ ಕಥೆಯನ್ನು ಓದಿಕೊಳ್ಳಬಹುದು. ಕಾಂಡ ದಪ್ಪವಾದಂತೆ ತಂತಿ ತೊಗಟೆಯನ್ನು ಒತ್ತಿ ಸಕ್ಕರೆ ನಾಳಗಳನ್ನು ಕಿರಿದಾಗಿಸಿತು. ಮೇಲಿಂದ ಇಳಿದ ಸಕ್ಕರೆ ಕಟ್ಟೆ ಕಟ್ಟಿದ ಕಾಲುವೆಯ ನೀರಿನಂತೆ ಅಲ್ಲಿ ತುಂಬಿಕೊಂಡು, ಮೇಲ್ಭಾಗದ ತೊಗಟೆ ಮತ್ತು ಕಟ್ಟಿಗೆ ಕೊಬ್ಬಿ ಬೆಳೆದವು. ಅದೇ ಆ ಮಡಕೆಯ ಕಂಠ. ಇಟಲಿಯ ಮಾಲ್ಪೀಗಿ 1670ರ ದಶಕದಲ್ಲಿ ಕೊಂಬೆಗಳ ತೊಗಟೆಯನ್ನು ಉಂಗುರದಂತೆ ತೆಗೆದು ಇದೇ ಊತವನ್ನು ಕಂಡಿದ್ದರು. ಎಲೆಯಲ್ಲಿ ತಯಾರಾದದ್ದು ತೊಗಟೆಯ ಮೂಲಕ ಇಳಿಯುತ್ತದೆ ಎಂಬ ತಿಳಿವಳಿಕೆಗೆ ದಾರಿಯಾದದ್ದು ಆ ಊತ. ಎಂದೂ ಕಾಣದಷ್ಟು ಹೂ ಬಂದುದಕ್ಕೂ ತಂತಿಯ ಕೈವಾಡ ದೊಡ್ಡದು. ಬೇರಿಗೆ ಹೋಗಬೇಕಾದ ಸಕ್ಕರೆ ಕೊಂಬೆಗಳಲ್ಲೇ ಉಳಿದಾಗ, ಬೇರು ಮತ್ತು ಚಿಗುರಿನ ನಡುವಿನ ಹಾರ್ಮೋನುಗಳ ತೂಕವೂ ಏರುಪೇರಾಗಿ ಮಾವು ಚಿಗುರುವ ಬದಲು ಹೂಬಿಡುತ್ತದೆ. "ಮರ ಹೆದರಿ ಕಾಯಿ ಬಿಟ್ಟಿದೆ" ಎಂದು ಹಿರಿಯರು ಹೇಳುವ ಮಾತಿನಲ್ಲಿ ಹುರುಳಿದೆ. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು ಇದನ್ನೇ ಬೇಕೆಂದು ಮಾಡುತ್ತಾರೆ. ಥಾಮ್ಸನ್ ಬಳ್ಳಿಯ ಕಾಂಡದ ತೊಗಟೆಯನ್ನು ಕೆಲವೇ ಮಿಲಿಮೀಟರ್ ಅಗಲದ ಉಂಗುರದಂತೆ ತೆಗೆದರೆ ಸಕ್ಕರೆ ಗೊಂಚಲಿನಲ್ಲಿ ನಿಂತು ಕಾಳು ದಪ್ಪವಾಗುತ್ತದೆ. ಆದರೆ ಆ ಉಂಗುರ ಕೆಲವು ವಾರಗಳಲ್ಲಿ ಮತ್ತೆ ಕೂಡಿಕೊಳ್ಳುವಷ್ಟು ಸಣ್ಣದು. ತಮ್ಮದು ನಾಲ್ಕು ಬೆರಳು, ಅದು ತಾನಾಗಿ ಕೂಡುವುದಿಲ್ಲ.

ಮನಸ್ಸಿಗೆ ನೋವಾದರೂ ಇನ್ನೊಂದನ್ನು ಹೇಳಬೇಕಾಗಿದೆ. ತಂತಿಯನ್ನು ಮರ ನುಂಗಿದ ಮೇಲೆ ಬಹುಶಃ ಕೆಲವು ಕಡೆ ತೊಗಟೆ ಅದರ ಮೇಲೆ ಹಾದು ಕೂಡಿಕೊಂಡಿತ್ತು, ಅಲ್ಲಿಂದ ಸ್ವಲ್ಪ ಸಕ್ಕರೆ ಇಳಿಯುತ್ತಿತ್ತು. ಹಾಗಿಲ್ಲದಿದ್ದರೆ ಮರ ಇಷ್ಟು ವರ್ಷ ಬಾಳುತ್ತಿರಲಿಲ್ಲ. ಹೊರಗೆ ಕಾಣುತ್ತಿದ್ದ ತಂತಿಯನ್ನು ಮಾತ್ರ ಅಲ್ಲಲ್ಲಿ ತುಂಡರಿಸಿ, ಹುದುಗಿದ್ದನ್ನು ಹಾಗೆಯೇ ಬಿಡಬೇಕಿತ್ತು. ಮಗನನ್ನು ದೂರಬೇಡಿ, ಒಳ್ಳೆಯದಾಗಲೆಂದೇ ಮಾಡಿದ ಕೆಲಸ ಅದು. ಈ ತಪ್ಪನ್ನು ತರಬೇತಿ ಪಡೆದವರೂ ಮಾಡುವುದನ್ನು ನೋಡಿದ್ದೇನೆ.

ತೆಂಗಿನ ಮರದ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ತೆಂಗು, ಅಡಿಕೆ, ಬಾಳೆ, ಬಿದಿರು ಇವೆಲ್ಲ ಏಕದಳ ಸಸ್ಯಗಳು. ತೆಂಗಿನ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಉಂಗುರಗಳಿಲ್ಲ, ಸುಲಿಯುವ ತೊಗಟೆಯಿಲ್ಲ, ಕಂದು ಚುಕ್ಕೆಗಳು ಸಾವಿರಗಟ್ಟಲೆ ಹರಡಿರುತ್ತವೆ. ಒಂದೊಂದು ಚುಕ್ಕೆಯೂ ತನ್ನದೇ ನೀರಿನ ನಾಳ ಮತ್ತು ಸಕ್ಕರೆ ನಾಳ ಇರುವ ಕಟ್ಟು. ಮುಷ್ಟಿ ಗಾತ್ರದ ಪೊಟರೆ ಅವುಗಳಲ್ಲಿ ಒಂದು ಪಾಲನ್ನು ಕಡಿಯುತ್ತದೆ, ಮಿಕ್ಕವು ಕೆಲಸ ಮಾಡುತ್ತವೆ. ಹಾಗೆಂದು ತೆಂಗು ಮಾವಿಗಿಂತ ಗಟ್ಟಿ ಎಂದಲ್ಲ. ಅದಕ್ಕೆ ಕ್ಯಾಂಬಿಯಂ ಇಲ್ಲದ ಕಾರಣ ಗಾಯ ಎಂದೂ ಮುಚ್ಚುವುದಿಲ್ಲ. ಮರ ಹತ್ತಲು ಕಡಿದ ಮೆಟ್ಟಿಲು ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೂ ಹಾಗೆಯೇ ಇರುವುದನ್ನು ನೋಡಿಲ್ಲವೇ? ಬುಡದಲ್ಲಿರುವ ಸಕ್ಕರೆ ನಾಳಗಳು ಆ ಮರ ಎಳೆಯದಾಗಿದ್ದಾಗ ಹುಟ್ಟಿದವು, ಅವೇ ಹತ್ತಾರು ವರ್ಷ ದುಡಿಯುತ್ತವೆ. ಅವುಗಳ ದುಡಿಮೆಯನ್ನು ಕಣ್ಣಾರೆ ಕಾಣಬೇಕಾದರೆ ಹೊಂಬಾಳೆಯ ತುದಿ ಕೊಯ್ದು ಕಲ್ಪರಸ ಇಳಿಸುವಲ್ಲಿಗೆ ಹೋಗಬೇಕು. ಒಂದು ಮರದಿಂದ ದಿನಕ್ಕೆ ಒಂದೆರಡು ಲೀಟರ್ ಹನಿಯುವ ಆ ಸಿಹಿರಸ ಹೂವಿಗೆಂದು ಹೊರಟಿದ್ದ ಫ್ಲೋಯಂ ರಸವೇ.

ತಮ್ಮ ತಂದೆಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನೀರು ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಇಳಿಯುವುದಿಲ್ಲ. ಎಲೆ ಇದ್ದು ಬಿಸಿಲಿದ್ದ ಪ್ರತಿದಿನವೂ ಏರುತ್ತದೆ. ಆದರೆ ಮಳೆಗಾಲದಲ್ಲಿ ಕ್ಯಾಂಬಿಯಂ ಚುರುಕಾಗಿ ತೊಗಟೆ ಸಲೀಸಾಗಿ ಸುಲಿಯುತ್ತದೆ, ಕಸಿ ಹಿಡಿಯುತ್ತದೆ, ಸಣ್ಣ ಗಾಯ ಬೇಗ ಕೂಡುತ್ತದೆ. ಹಿರಿಯರು ಗಮನಿಸಿದ್ದು ಅದನ್ನು. ಆ ಗಮನಿಕೆಯನ್ನೇ ನಾವು ಮುಂದೆ ಬಳಸಿಕೊಳ್ಳಬೇಕಾಗಿದೆ. ಗ್ಲೂಕೋಸ್ ಬಾಟಲಿಯನ್ನು ಮಾತ್ರ ದಯವಿಟ್ಟು ಹಾಕಬೇಡಿ. ಕಾಂಡಕ್ಕೆ ಕೊರೆದ ತೂತು ತಲುಪುವುದು ಕಟ್ಟಿಗೆಯ ನೀರಿನ ನಾಳವನ್ನು, ಅಲ್ಲಿ ಸುರಿದದ್ದು ಎಲೆಯ ಕಡೆಗೇ ಹೋಗುತ್ತದೆ, ಹಸಿದ ಬೇರಿನ ಕಡೆಗಲ್ಲ. ಎಲೆಗಳಲ್ಲಿ ಈಗಾಗಲೇ ಸಕ್ಕರೆ ಇಳಿಯಲು ದಾರಿಯಿಲ್ಲದೆ ತುಂಬಿಕೊಂಡಿದೆ. ಅರ್ಧ ಲೀಟರಿನ 5 ಶೇಕಡಾ ಬಾಟಲಿಯಲ್ಲಿರುವುದು 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆ. ಅಷ್ಟಕ್ಕಾಗಿ ಶಿಲೀಂಧ್ರಕ್ಕೆ ಬಾಗಿಲು ತೆರೆದು, ಜೊತೆಗೆ ಊಟವನ್ನೂ ಬಡಿಸಿದಂತಾಗುತ್ತದೆ.

ಇನ್ನು ಏನು ಮಾಡಬಹುದು? ಮೊದಲು ಬೋಳು ಪಟ್ಟಿಯನ್ನು ಸುತ್ತಲೂ ಕೈಯಾಡಿಸಿ ಪರೀಕ್ಷಿಸಿ. ಎಲ್ಲಾದರೂ ಒಂದು ಬೆರಳಿನಷ್ಟಾದರೂ ತೊಗಟೆ ಮೇಲಿನಿಂದ ಕೆಳಗಿನವರೆಗೆ ಉಳಿದಿದ್ದು, ಉಗುರಿನಿಂದ ಕೆರೆದಾಗ ಒಳಗೆ ಹಸಿಯಾಗಿದ್ದರೆ ತಮ್ಮ ಅದೃಷ್ಟ ದೊಡ್ಡದು. ಆ ಎಳೆಯೇ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ಅದನ್ನು ಕಾಪಾಡಿದರೆ ಸಾಕು. ಚಿತ್ರದಲ್ಲಿ ನನಗೆ ಅಂಥದ್ದು ಕಾಣಲಿಲ್ಲ. ಕೆತ್ತಿದ ದಿನವೇ ಗಾಯವನ್ನು ಒಣಗದಂತೆ ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ನೆರಳು ಮಾಡಿದ್ದರೆ, ಉಳಿದ ಲೋಳೆಪದರದಿಂದ ಕೆಲವು ಮರಗಳಲ್ಲಿ ಹೊಸ ತೊಗಟೆ ಬರುವುದುಂಟು. ಐದು ವಾರ ಒಣಗಿ ಕಂದಾದ ಕಟ್ಟಿಗೆಯಲ್ಲಿ ಆ ಆಸೆಯಿಲ್ಲ.

ಎರಡನೆಯ ದಾರಿ ಸೇತುವೆ ಕಸಿ, ಅಂದರೆ ಗಾಯದ ಮೇಲಿನ ಮತ್ತು ಕೆಳಗಿನ ತೊಗಟೆಯನ್ನು ಕಡ್ಡಿಗಳಿಂದ ಜೋಡಿಸಿ ಸಕ್ಕರೆಗೆ ದಾರಿ ಮಾಡುವುದು, ನಾನು ಮೊದಲು ಸೂಚಿಸುವುದು ಇದನ್ನೇ. ಅದೇ ಮರದ ಮೇಲ್ಕೊಂಬೆಗಳಿಂದ ಪೆನ್ಸಿಲ್ ದಪ್ಪದ ಬಲಿತ ಕಡ್ಡಿಗಳನ್ನು ಆರಿಸಿ, ಕತ್ತರಿಸುವ ಏಳರಿಂದ ಹತ್ತು ದಿನ ಮೊದಲೇ ಎಲೆಗಳನ್ನು ತೊಟ್ಟಿನ ಬುಡ ಉಳಿಸಿ ಕತ್ತರಿಸಿಬಿಡಬೇಕು. ಕಡ್ಡಿಯ ಮೊಗ್ಗು ಅಷ್ಟರಲ್ಲಿ ಉಬ್ಬುತ್ತದೆ. ಗಾಯದ ಮೇಲಿನ ಮತ್ತು ಕೆಳಗಿನ ಅಂಚನ್ನು ಹರಿತವಾದ ಚಾಕುವಿನಿಂದ ಜೀವಂತ ತೊಗಟೆ ಸಿಗುವವರೆಗೆ ಸವರಿ, ಎರಡೂ ಕಡೆ ತೊಗಟೆಯಲ್ಲಿ ಉದ್ದುದ್ದ ಸೀಳು ಮಾಡಿ, ಎರಡೂ ತುದಿ ಓರೆಯಾಗಿ ಕೆತ್ತಿದ ಕಡ್ಡಿಯನ್ನು ಮೇಲೊಂದು ತುದಿ, ಕೆಳಗೊಂದು ತುದಿ ತೊಗಟೆಯೊಳಕ್ಕೆ ಸೇರಿಸಬೇಕು. ಗಾಯದ ಅಗಲಕ್ಕಿಂತ ಕಡ್ಡಿ ಸುಮಾರು ಒಂದು ಗೇಣಿನಷ್ಟಾದರೂ ಉದ್ದವಿರಲಿ, ಸ್ವಲ್ಪ ಬಿಲ್ಲಿನಂತೆ ಬಾಗಿದ್ದರೆ ಮರ ಗಾಳಿಗೆ ಓಲಾಡಿದಾಗ ಕಿತ್ತುಬರುವುದಿಲ್ಲ. ಚಿಕ್ಕ ಮೊಳೆ ಹೊಡೆದು ಕೂರಿಸಿ, ಕಸಿ ಪಟ್ಟಿ ಸುತ್ತಿ, ಸೇರುವಲ್ಲಿ ಮೇಣ ಬಳಿಯಬೇಕು. ತಮ್ಮ ಮರದ ಸುತ್ತಳತೆಗೆ ಸುಮಾರು ಆರು ಸೆಂಟಿಮೀಟರಿಗೆ ಒಂದರಂತೆ ಹನ್ನೆರಡು ಕಡ್ಡಿ ಕೂರಿಸಿದರೆ, ಅವುಗಳಲ್ಲಿ ಅರ್ಧದಷ್ಟು ಹಿಡಿದರೂ ಬೇರು ಉಸಿರಾಡುತ್ತದೆ.

ಒಂದು ಎಚ್ಚರ ಹೇಳಲೇಬೇಕು, ಏಕೆಂದರೆ ಅದರಲ್ಲಿ ಮೋಸಹೋದವನು ನಾನೇ. ಮೊದಲ ಸಲ ಸೇತುವೆ ಕಸಿ ಮಾಡಿದಾಗ ಕತ್ತರಿಸಿದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮಧ್ಯಾಹ್ನ ಊಟ ಮುಗಿಸಿ ಬಂದು ಕೂರಿಸಿದೆ. ಎಂಟರಲ್ಲಿ ಮೂರು ತಲೆಕೆಳಗಾಗಿದ್ದವು. ತುದಿ ಯಾವುದು ಬುಡ ಯಾವುದು ಎಂಬುದು ಕಡ್ಡಿಯ ನಾಳಗಳಿಗೆ ಗೊತ್ತಿರುತ್ತದೆ. ತಲೆಕೆಳಗಾದದ್ದು ಮೊದಲು ಹಸಿರಾಗಿದ್ದಂತೆ ಕಂಡರೂ ದಪ್ಪವಾಗಲಿಲ್ಲ, ಮರುವರ್ಷ ಒಣಗಿತು. ಆದ್ದರಿಂದ ಕತ್ತರಿಸುವಾಗಲೇ ಬುಡದ ತುದಿಯನ್ನು ಓರೆಯಾಗಿಯೂ ಮೇಲಿನ ತುದಿಯನ್ನು ನೇರವಾಗಿಯೂ ಕತ್ತರಿಸಿ ಗುರುತಿಟ್ಟುಕೊಳ್ಳಿ. ಮೊಗ್ಗು ಮೇಲ್ಮುಖವಾಗಿ ಇರಬೇಕು. ಸೇತುವೆಯ ಕಡ್ಡಿಯಲ್ಲಿ ಚಿಗುರು ಬಂದರೆ ಚಿವುಟಿ, ಅದು ದಾರಿಯಾಗಬೇಕೇ ಹೊರತು ಕೊಂಬೆಯಾಗಬಾರದು. ತಾವು ಕಸಿ ಮಾಡಿ ಅಭ್ಯಾಸವಿಲ್ಲದಿದ್ದರೆ ಹತ್ತಿರದ ನರ್ಸರಿಯ ಕೈಪಳಗಿದ ಕಸಿಗಾರರನ್ನು ಅರ್ಧ ದಿನದ ಮಟ್ಟಿಗೆ ಕರೆಸಿಕೊಳ್ಳುವುದು ಪುಸ್ತಕ ನೋಡಿ ಮಾಡುವುದಕ್ಕಿಂತ ಒಳ್ಳೆಯದು.

ಮೂರನೆಯದು ನಿಧಾನದ ದಾರಿ: ಮರದ ಬುಡದ ಸುತ್ತ ಗೊರಟೆಯಿಂದ ಬೆಳೆಸಿದ ನಾಲ್ಕೈದು ಮಾವಿನ ವಾಟೆ ಗಿಡಗಳನ್ನು ನೆಟ್ಟು, ಅವುಗಳ ತುದಿಯನ್ನು ಗಾಯದ ಮೇಲಿನ ತೊಗಟೆಗೆ ಕಸಿ ಕೂರಿಸುವುದು. ಇದರಿಂದ ಸಕ್ಕರೆಗೆ ದಾರಿ ಸಿಗುವುದರ ಜೊತೆಗೆ ಮರಕ್ಕೆ ಹೊಸ ಬೇರುಗಳೇ ಸಿಗುತ್ತವೆ. ತಮಗೆ ದೂರವಿಲ್ಲದ ಕೇತೋಹಳ್ಳಿಯ ದೊಡ್ಡ ಆಲದಮರವನ್ನು ನೋಡಿರಬಹುದು. ಅದರ ಮೂಲಕಾಂಡ ರೋಗದಿಂದ ಹೋದ ಮೇಲೂ ಬಿಳಲುಗಳ ಆಸರೆಯಿಂದ ಮರ ಬಾಳುತ್ತಿದೆ. ಮಾವಿಗೆ ಬಿಳಲಿಲ್ಲ, ನಾವು ಕಟ್ಟಿಕೊಡುತ್ತೇವೆ ಅಷ್ಟೆ. ತೊಂದರೆಯೆಂದರೆ, ದೊಡ್ಡ ಮರದ ನೆರಳಿನಲ್ಲಿ ಎಳೆಯ ಗಿಡ ನಿಧಾನವಾಗಿ ಬೆಳೆಯುತ್ತದೆ, ಅಷ್ಟರಲ್ಲಿ ಹಳೆಯ ಬೇರು ಸೋತುಬಿಡಬಹುದು. ಆದ್ದರಿಂದ ಇದನ್ನು ಸೇತುವೆ ಕಸಿಯ ಬದಲಿಗಲ್ಲ, ಜೊತೆಗೆ ಮಾಡುವುದು ಲೇಸು.

ಈ ನಡುವೆ ಗಾಯದ ಕೆಳಗಿನಿಂದ ಚಿಗುರು ಒಡೆದರೆ ಕೀಳಬೇಡಿ. ಬೇರೆ ಯಾವ ಕಸಿಮರದಲ್ಲಾದರೂ "ಕಾಡು ಚಿಗುರು, ತಕ್ಷಣ ತೆಗೆಯಿರಿ" ಎನ್ನುತ್ತೇನೆ, ತಮ್ಮ ಮರದಲ್ಲಿ ಮಾತ್ರ ಅದನ್ನು ಮಗುವಿನಂತೆ ಸಾಕಿ. ಬೇರಿಗೆ ಈಗ ಅನ್ನ ಕೊಡಬಲ್ಲ ಎಲೆಗಳು ಅವು ಮಾತ್ರ. ಒಂದು ಚಿಗುರು ಉದ್ದವಾದರೆ ಅದನ್ನೇ ಮೇಲಕ್ಕೆ ಕಸಿ ಮಾಡಿ ಸೇತುವೆಯಾಗಿಸಬಹುದು. ಮೇಲಿನ ಮರ ಉಳಿಯದೇ ಹೋದರೂ, ಗಾಯದ ಕೆಳಗೆ ಕಡಿದು ಆ ಚಿಗುರಿಗೆ ಬಾದಾಮಿಯ ಕಡ್ಡಿ ಕಸಿ ಮಾಡಿದರೆ ಹಳೆಯ ಬೇರಿನ ಮೇಲೆ ಹೊಸ ಮರ ಏಳುತ್ತದೆ.

ಬೋಳು ಕಟ್ಟಿಗೆಗೆ, ಕಸಿ ಸೇರುವ ಅಂಚುಗಳನ್ನು ಬಿಟ್ಟು, ಬೋರ್ಡೋ ಮುಲಾಮು ಬಳಿಯಿರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರಿನ ಲೆಕ್ಕದಲ್ಲಿ ತಮಗೆ ಬೇಕಾದಷ್ಟನ್ನು ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕಲಸಿಕೊಳ್ಳಿ, ಕಬ್ಬಿಣದ ಪಾತ್ರೆ ಬೇಡ. ಸಗಣಿ ಮತ್ತು ಕೆಮ್ಮಣ್ಣು ಮೆತ್ತುವುದರಿಂದ ಹಾನಿಯೇನಿಲ್ಲ, ಆದರೆ ಅದು ಸಕ್ಕರೆಗೆ ದಾರಿ ಮಾಡಿಕೊಡುವುದಿಲ್ಲ. ಗಾಯಗೊಂಡ ಮಾವಿಗೆ ಕಾಂಡಕೊರಕ ಹುಳು ಬಲುಬೇಗ ಮೊಟ್ಟೆಯಿಡುತ್ತದೆ. ಬುಡದಲ್ಲಿ ಮರದ ಹೊಟ್ಟು ಉದುರಿದ್ದು ಕಂಡರೆ ಅಂದೇ ತೂತು ಹುಡುಕಿ, ಸೈಕಲ್ ಕಡ್ಡಿಯಂಥದ್ದನ್ನು ತೂರಿಸಿ ಹುಳುವನ್ನು ಹೊರಗೆಳೆಯಬೇಕು. ರಸಗೊಬ್ಬರ ಈ ವರ್ಷ ಬೇಡ. ಹಸಿದ ಬೇರು ಅದನ್ನು ಬಳಸಿಕೊಳ್ಳಲಾರದು. ಬುಡದಲ್ಲಿ ನೀರು ನಿಲ್ಲದಿರಲಿ. ಹೂ ಬರಿಸುವ ಔಷಧಿ ಎಂದು ಮಾರುವ ಪ್ಯಾಕ್ಲೋಬ್ಯುಟ್ರಜಾಲನ್ನು ಈ ಮರದ ಹತ್ತಿರಕ್ಕೂ ತರಬೇಡಿ.

ಏನೂ ಮಾಡದೆ ಬಿಟ್ಟರೆ? ಬೇರಿನಲ್ಲಿ ಕೂಡಿಟ್ಟ ಪಿಷ್ಟವಿದೆ, ಅದರ ಮೇಲೆ ಮರ ಕೆಲವು ತಿಂಗಳಿನಿಂದ ಒಂದೆರಡು ವರ್ಷದವರೆಗೆ ನಡೆಯಬಹುದು. ಆಮೇಲೆ ಎಳೆಬೇರುಗಳು ಸಾಯುತ್ತವೆ, ಆಗ ನೀರೂ ನಿಲ್ಲುತ್ತದೆ. ಒಂದು ಬೇಸಿಗೆಯ ವಾರದಲ್ಲಿ ಎಲ್ಲ ಎಲೆಗಳೂ ಒಮ್ಮೆಗೇ ಒಣಗಿ ಕೊಂಬೆಗೆ ಅಂಟಿಕೊಂಡಿರುತ್ತವೆ. ಸೇತುವೆ ಕಸಿ ಮಾಡಿದರೂ ಬದುಕಿಯೇ ಬದುಕುತ್ತದೆ ಎಂಬ ಮಾತು ಕೊಡಲಾರೆ, ಐದು ವಾರ ಈಗಾಗಲೇ ಹೋಗಿವೆ. ಆದರೆ ಇದು ಆಷಾಢ, ತೊಗಟೆ ಸುಲಿಯುವ ಕಾಲ. ಕಡ್ಡಿಗಳ ಎಲೆ ಕತ್ತರಿಸುವ ಕೆಲಸವನ್ನು ಈ ವಾರವೇ ಮಾಡಿದರೆ ಮುಂದಿನ ವಾರ ಕಸಿ ಕೂರಿಸಬಹುದು. ಅದೇ ದಿನ ಇನ್ನೂ ಒಂದಷ್ಟು ಕಡ್ಡಿ ಕೊಟ್ಟು ನರ್ಸರಿಯಲ್ಲಿ ಎರಡು ಹೊಸ ಗಿಡ ಕಟ್ಟಿಸಿಡಿ, ತಳಿಯಾದರೂ ಕೈಬಿಟ್ಟು ಹೋಗುವುದಿಲ್ಲ.

ಕಸಿ ಹಿಡಿಯಿತೇ ಎಂಬುದನ್ನು ಎರಡು ತಿಂಗಳ ನಂತರ ಕಡ್ಡಿಯ ನಡುಭಾಗವನ್ನು ಉಗುರಿನಿಂದ ಲಘುವಾಗಿ ಕೆರೆದು ನೋಡಿ. ಹಸಿರಿದ್ದರೆ ಸಾಲದು, ಮುಂದಿನ ವರ್ಷದ ಹೊತ್ತಿಗೆ ಅದು ದಪ್ಪವಾಗಿರಬೇಕು. ಡಿಸೆಂಬರ್-ಜನವರಿಯಲ್ಲಿ ಮರ ಮತ್ತೆ ಮೈತುಂಬ ಹೂ ಬಿಟ್ಟರೆ ಸಂತೋಷಪಡಬೇಡಿ, ಸಕ್ಕರೆ ಇನ್ನೂ ಮೇಲೆಯೇ ನಿಂತಿದೆ ಎಂದು ಅದರ ಅರ್ಥ. ಗೊಂಚಲುಗಳನ್ನು ಎಳೆಯದರಲ್ಲೇ ಮುರಿದುಹಾಕಿ. ಹೂ ಕಡಿಮೆಯಾಗಿ, ಗಾಯದ ಕೆಳಗಿನ ಸಣಕಲು ಕಾಂಡ ದಪ್ಪವಾಗತೊಡಗಿದರೆ ನನಗೊಂದು ಚಿತ್ರ ಕಳುಹಿಸಿ.